ಕುಪ್ಪಸದ ಒಳಗೆ ಒಂದು ಕಲೆ: ಹಾಲಿನ ನಾಳದ ಪರೀಕ್ಷೆಗೆ ಹೋಗುವವರಿಗೆ

ರಾಯಚೂರಿನಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಉಳಿಯುವುದು ಕಷ್ಟ. ಧೂಳು, ಬೆವರು, ಬೋರಿನ ಸವಳು ನೀರು. ಹಾಗಾಗಿ ನನ್ನ ಬಿಳಿ ಬ್ರಾದ ಎಡಗಡೆ ಹುಣಸೆಹಣ್ಣಿನ ಬಣ್ಣದ ಸಣ್ಣ ಕಲೆ ಕಂಡಾಗ ನೀರಿನ ಕಲೆ ಅಂದುಕೊಂಡೆ. ಸೋಪು ಹಾಕಿ ತಿಕ್ಕಿದೆ. ನಾಲ್ಕು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ. ಮತ್ತೆ ತಿಕ್ಕಿದೆ. ಹೀಗೆ ಎರಡು ತಿಂಗಳು.

ನಾನು 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಅದರಲ್ಲಿ 12 ವರ್ಷ ಸರ್ಜರಿ ಓಪಿಡಿಯಲ್ಲೇ ಕಳೆದಿದ್ದೇನೆ. ಬೇರೆಯವರಿಗೆ "ಯಾಕವ್ವ ಇಷ್ಟು ದಿನ ಸುಮ್ನೆ ಕೂತಿದ್ದಿ?" ಎಂದು ಗದರಿದ ಬಾಯಿ ಇದು. ನನ್ನ ಸರದಿ ಬಂದಾಗ ನಾನೂ ಸೋಪು ಹಿಡಿದುಕೊಂಡು ಕೂತೆ.

ಆ ಕಲೆಯಿಂದ ಹಿಡಿದು ಆಪರೇಷನ್ ಆಗಿ ರಿಪೋರ್ಟ್ ಕೈಗೆ ಬರುವವರೆಗೆ ಏನೇನು ನಡೆಯುತ್ತದೆ, ಎಲ್ಲಿ ಏನು ಕೇಳಬೇಕು, ಎಲ್ಲಿ ನಾನು ಎಡವಟ್ಟು ಮಾಡಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. "ಎದೆ" ಎಂದು ಬರೆದರೆ ಹೃದಯವೋ ಶ್ವಾಸಕೋಶವೋ ಎಂದು ಗೊಂದಲವಾಗುತ್ತದೆ. ಅದಕ್ಕೆ ಮೊಲೆ ಅಂತಲೇ ಬರೆಯುತ್ತೇನೆ. ಓಪಿಡಿಯಲ್ಲಿ ನೀವೂ ಹಾಗೇ ಹೇಳಿ. ಎದೆನೋವು ಅಂತ ಹೇಳಿ ಇಸಿಜಿ ಮಾಡಿಸಿಕೊಂಡು ಮನೆಗೆ ಹೋದವರನ್ನು ನೋಡಿದ್ದೇನೆ.

ಒಳಗಿನ ಕಾಲುವೆ

ಹಾಲಿನ ನಾಳ ಅಂದರೆ ಏನು ಎಂದು ಮೊದಲು ತಿಳಿದುಕೊಳ್ಳಬೇಕು. ನಮ್ಮ ಕಡೆಯವರಿಗೆ ಇದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ್ದೀರಲ್ಲ? ದೊಡ್ಡ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಕೊನೆಗೆ ಗದ್ದೆ. ಅದನ್ನು ತಿರುವುಮುರುವು ಮಾಡಿ ನೋಡಿ. ಗದ್ದೆಯ ಜಾಗದಲ್ಲಿ ಹಾಲು ತಯಾರಾಗುವ ಪುಟ್ಟ ಗಂಟುಗಳು. ಅಲ್ಲಿಂದ ಸಣ್ಣ ನಾಳಗಳು ಸೇರಿ ಸೇರಿ ದೊಡ್ಡದಾಗಿ ತೊಟ್ಟಿನ ತುದಿಯಲ್ಲಿ ಬಂದು ತೆರೆದುಕೊಳ್ಳುತ್ತವೆ. ಒಂದು ಮೊಲೆಯಲ್ಲಿ ಇಂಥ ಸುಮಾರು 15ರಿಂದ 20 ಗುಂಪುಗಳಿರುತ್ತವೆ. ತೊಟ್ಟಿನಲ್ಲಿ ಕಣ್ಣಿಗೆ ಕಾಣುವ ರಂಧ್ರಗಳು ಅದಕ್ಕಿಂತ ಕಡಿಮೆ.

ಇಲ್ಲಿ ನೆನಪಿಡಬೇಕಾದ್ದು ಒಂದೇ. ಒಂದು ನಾಳಕ್ಕೂ ಪಕ್ಕದ ನಾಳಕ್ಕೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಸಿಂಧನೂರಿನ ಉಪಕಾಲುವೆಗೆ ನೀರು ಬಿಟ್ಟರೆ ಅದು ಮಾನ್ವಿಯ ಗದ್ದೆಗೆ ಬರುವುದಿಲ್ಲ, ಹಾಗೆ. ಮುಂದೆ ಬರುವ ಎಲ್ಲ ಪರೀಕ್ಷೆಗಳ ಕಷ್ಟವೂ ಸುಖವೂ ಇದರಲ್ಲೇ ಇದೆ.

ಮೊಲೆಯ ಕ್ಯಾನ್ಸರ್ ಹೆಚ್ಚಿನ ಸಲ ಶುರುವಾಗುವುದು ಈ ನಾಳಗಳ ಒಳಗೋಡೆಯ ಜೀವಕೋಶಗಳಲ್ಲಿ. ಕೆಲವೊಮ್ಮೆ ಅದು ನಾಳದ ಒಳಗೇ ಇದ್ದು ಹೊರಗೆ ಹರಡಿರುವುದಿಲ್ಲ. ಅದಕ್ಕೆ ಡಿಸಿಐಎಸ್ ಅಂತಾರೆ. ಆ ಹಂತದಲ್ಲಿ ಸಿಕ್ಕರೆ ಚಿಕಿತ್ಸೆಯ ಫಲ ತುಂಬಾ ಚೆನ್ನಾಗಿರುತ್ತದೆ. ಹಾಗಿದ್ದರೆ ತೊಟ್ಟಿನ ರಂಧ್ರದಿಂದಲೇ ಒಳಗೆ ಹೋಗಿ ನೋಡಬಹುದಲ್ವಾ? ಬಾಗಿಲು ಇದೆ, ಇಣುಕಿದರೆ ಮುಗಿಯಿತು ಅನ್ನಿಸುತ್ತದೆ.

ಈ ಯೋಚನೆ ಹಳೆಯದು. ಗರ್ಭಕೊರಳಿನ ಪ್ಯಾಪ್ ಟೆಸ್ಟ್ ಯಾರ ಹೆಸರಿನಲ್ಲಿದೆಯೋ ಆ ಜಾರ್ಜ್ ಪ್ಯಾಪನಿಕೊಲಾವ್ ಅವರೇ 1958ರಲ್ಲಿ ತೊಟ್ಟಿನ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ಪ್ರಕಟಿಸಿದ್ದರು. ಆಮೇಲೆ ಅಮೆರಿಕದ ಸರ್ಜನ್ ಸೂಸನ್ ಲವ್ ಈ ನಾಳಗಳ ನಕ್ಷೆ ಹಿಡಿಯಲು ವರ್ಷಗಟ್ಟಲೆ ದುಡಿದರು. ಅವರು 2023ರಲ್ಲಿ ತೀರಿಕೊಂಡರು. 2000ದ ಆಸುಪಾಸಿನಲ್ಲಿ ಡಕ್ಟಲ್ ಲವಾಜ್ ಅಂತ ಒಂದು ವಿಧಾನ ಬಂತು. ಅಂದರೆ ನಾಳ ತೊಳೆಯುವುದು. ತೊಟ್ಟಿಗೆ ಮರಗಟ್ಟುವ ಮುಲಾಮು ಹಚ್ಚಿ, ಸಣ್ಣ ಪಂಪಿನಿಂದ ಎಳೆದು, ಯಾವ ರಂಧ್ರದಿಂದ ಹನಿ ಬಂತೋ ಅದರೊಳಗೆ ಕೂದಲಿನಂಥ ನಳಿಕೆ ಇಳಿಸಿ, ಸಲೈನ್ ಬಿಟ್ಟು ವಾಪಸ್ ಎಳೆದು, ಅದರಲ್ಲಿ ಬಂದ ಜೀವಕೋಶ ನೋಡುವುದು.

ಕೇಳಲು ಎಷ್ಟು ಚೆಂದ! ಆದರೆ ಕ್ಯಾನ್ಸರ್ ಇದೆ ಎಂದು ಮೊದಲೇ ಗೊತ್ತಿದ್ದ ಹೆಂಗಸರಲ್ಲಿ ಮಾಡಿ ನೋಡಿದಾಗ ಬಹಳಷ್ಟು ಜನರಲ್ಲಿ ಅದು ಕ್ಯಾನ್ಸರನ್ನು ಹಿಡಿಯಲೇ ಇಲ್ಲ. ಯಾಕೆ? ಹನಿ ಬಂದ ನಾಳವೇ ರೋಗದ ನಾಳ ಆಗಿರಬೇಕೆಂದಿಲ್ಲ. ಗಂಟು ಬೆಳೆದು ನಾಳ ಕಟ್ಟಿಕೊಂಡಿದ್ದರೆ ಅಲ್ಲಿಂದ ಹನಿಯೇ ಬರುವುದಿಲ್ಲ. ತೊಳೆದದ್ದು ಸಿಂಧನೂರು, ಕಳೆ ಬೆಳೆದದ್ದು ಮಾನ್ವಿ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಹೋದ ವರ್ಷ ನನ್ನ ಸೊಸೆ ಫೋನ್ ತೋರಿಸಿ, "ಅತ್ತಿ, ಒಂದ್ ಹನಿ ಕೊಟ್ರ ಸಾಕಂತ, ಕ್ಯಾನ್ಸರ್ ಗೊತ್ತಾಗ್ತದಂತ. ಮೊಲಿ ಒತ್ತೋದೂ ಇಲ್ಲಂತ" ಅಂದಳು. ಮ್ಯಾಮೊಗ್ರಾಮಿಗೆ, ಅಂದರೆ ಮೊಲೆಯನ್ನು ಒತ್ತಿ ತೆಗೆಯುವ ಎಕ್ಸ್‌ರೇಗೆ, ಹೆದರುವ ಯಾರಿಗಾದರೂ ಆಸೆ ಹುಟ್ಟಿಸುವ ಮಾತು. ಅಮೆರಿಕದ ಎಫ್‌ಡಿಎ (ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) 2013ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ತೊಟ್ಟಿನ ದ್ರವದ ಪರೀಕ್ಷೆ ಮ್ಯಾಮೊಗ್ರಾಮಿಗೆ ಬದಲಿ ಅಲ್ಲ, ಅದೊಂದನ್ನೇ ನಂಬಿ ಆರೋಗ್ಯವಾಗಿದ್ದೇನೆ ಅಂದುಕೊಳ್ಳಬೇಡಿ ಎಂದು. ಸೊಸೆಗೆ ಅದನ್ನೇ ಹೇಳಿದೆ. ಏನೂ ತೊಂದರೆ ಇಲ್ಲದವರು ಪಂಪು ಹಾಕಿ ಹನಿ ತೆಗೆಸಿಕೊಂಡು ಏನೂ ಸಾಧಿಸುವುದಿಲ್ಲ. ತಾನಾಗಿ ಹನಿ ಬಿದ್ದರೆ ಮಾತ್ರ ಆ ನಾಳದ ಬೆನ್ನು ಹತ್ತಬೇಕು.

ಯಾವ ಹನಿಗೆ ಹೆದರಬೇಕು

ಎಲ್ಲ ಹನಿಯೂ ಒಂದೇ ಅಲ್ಲ. ಎರಡೂ ಕಡೆಯಿಂದ, ಹಲವು ರಂಧ್ರಗಳಿಂದ, ಒತ್ತಿದರೆ ಮಾತ್ರ ಬರುವ ಹಸಿರು, ಹಳದಿ ಅಥವಾ ಬೂದು ದ್ರವ ಹೆಚ್ಚಾಗಿ ತೊಂದರೆಯದ್ದಲ್ಲ. ವಯಸ್ಸಾದಂತೆ ನಾಳ ಅಗಲವಾದರೂ ಹಾಗಾಗುತ್ತದೆ.

ಮಗುವಿಗೆ ಹಾಲು ಬಿಡಿಸಿ ವರ್ಷಗಳಾದ ಮೇಲೂ ಎರಡೂ ಕಡೆ ಹಾಲಿನಂಥದ್ದು ಬಂದರೆ ನಿಮ್ಮ ಮಾತ್ರೆ ಡಬ್ಬಿ ತೆಗೆದು ನೋಡಿ. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂದರೆ ಸಾಕು, ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ಕೊಡುತ್ತಾರೆ. ಜನ ಅದನ್ನು ತಿಂಗಳುಗಟ್ಟಲೆ ನುಂಗುತ್ತಾರೆ. ಆ ಡೊಂಪೆರಿಡೋನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಹಾಲು ತರಿಸಬಲ್ಲದು. ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ಹಾಗೇ. ಥೈರಾಯ್ಡ್ ಕಡಿಮೆ ಇದ್ದರೂ ಆಗುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಇದ್ದರೂ ಆಗುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಿ.

ತಡ ಮಾಡದೆ ಹೋಗಬೇಕಾದ್ದು ಯಾವುದಕ್ಕೆ ಅಂದರೆ: ಒಂದೇ ಕಡೆ, ಒಂದೇ ರಂಧ್ರ, ಒತ್ತದೆ ತಾನಾಗಿ ಬರುವುದು, ಬಣ್ಣ ಕೆಂಪು, ಕಂದು ಅಥವಾ ತಿಳಿನೀರಿನಂತೆ. ಜೊತೆಗೆ ಗಂಟು ಸಿಕ್ಕರೆ, ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ತೊಟ್ಟಿನ ಮೇಲೆ ಕಜ್ಜಿಯಂತೆ ಚರ್ಮ ಎದ್ದು ಮುಲಾಮಿಗೆ ಬಗ್ಗದಿದ್ದರೆ ಇನ್ನೂ ಬೇಗ. ಗಂಡಸರಿಗೆ ಬಂದರೆ ಬಣ್ಣ ನೋಡುತ್ತಾ ಕೂರುವುದೇ ಬೇಡ, ತೋರಿಸಿ. ತುಂಬು ಬಸುರಿಯರಲ್ಲಿ, ಹೊಸ ಬಾಣಂತಿಯರಲ್ಲಿ ಕೆಲವೊಮ್ಮೆ ಒಂದಿಷ್ಟು ದಿನ ರಕ್ತ ಬೆರೆತ ಹಾಲು ಬಂದು ತಾನೇ ನಿಲ್ಲುವುದುಂಟು. ಆದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಈಗಲೇ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಲ್ಲಿವರೆಗೆ ಓದಿದವರು ರಾತ್ರಿ ನಿದ್ದೆ ಮಾಡುವುದಿಲ್ಲ. ರಕ್ತ ಬರಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಪ್ಯಾಪಿಲೋಮಾ. ನಾಳದ ಒಳಗೆ ಬೆಳೆದ ಸಣ್ಣ ನರುಳಿಯಂಥದ್ದು. ಕ್ಯಾನ್ಸರ್ ಅಲ್ಲ. ಆದರೆ ಹೊರಗಿನಿಂದ ನೋಡಿ ಇದು ಅದೇ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಕಲೆ ಬಿದ್ದ ಬಟ್ಟೆ ತೊಳೆಯಬೇಡಿ. ಇದು ನನ್ನ ಮೊದಲ ಪಾಠ. ಆ ಬಟ್ಟೆಯನ್ನೇ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ನಾಚಿಕೆಯಾದರೆ ಬಿಳಿ ಹತ್ತಿ ಬಟ್ಟೆಯ ಚೌಕ ಕತ್ತರಿಸಿ ಒಳಗೆ ಇಟ್ಟುಕೊಳ್ಳಿ. ನಮ್ಮ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವಾಗ ಕಡುಬಣ್ಣದ ಕುಪ್ಪಸ ತೊಡುತ್ತಾರೆ. ಅದರಲ್ಲಿ ರಕ್ತವೂ ಕಾಣುವುದಿಲ್ಲ, ಬೆವರೂ ಕಾಣುವುದಿಲ್ಲ.

ಮಾನ್ವಿ ಕಡೆಯಿಂದ ಒಬ್ಬಾಕೆ ಬಂದಿದ್ದಳು. ಹತ್ತಿ ಬಿಡಿಸಲು ಹೋಗುವಾಕೆ, ನಲವತ್ತೈದರ ಸುಮಾರು. ಮೆರೂನ್ ಕುಪ್ಪಸ. "ಸಿಸ್ಟರಮ್ಮ, ಹತ್ತಿ ಮುಳ್ಳು ಚುಚ್ಚೈತಿ ಅಂದ್ಕಂಡಿದ್ದೆ" ಅಂದಳು. ಎಂಟು ತಿಂಗಳು ಹಾಗೆ ಅಂದುಕೊಂಡೇ ಇದ್ದಳು. ಕಂಡುಹಿಡಿದದ್ದು ಬಟ್ಟೆ ಒಗೆಯುತ್ತಿದ್ದ ಮಗಳು.

ಒತ್ತಬೇಡಿ. ಇವತ್ತು ಬರುತ್ತಾ, ನಾಳೆ ಬರುತ್ತಾ ಎಂದು ದಿನಾ ಹಿಂಡಿ ನೋಡಬೇಡಿ. ಹಿಂಡಿದಷ್ಟೂ ಸುಮ್ಮನಿದ್ದ ನಾಳಗಳೂ ಜಿನುಗಲು ಶುರು ಮಾಡುತ್ತವೆ. ಆಮೇಲೆ ಯಾವುದು ನಿಜವಾದ ತೊಂದರೆಯ ನಾಳ ಎಂದು ಹೇಳುವುದು ಕಷ್ಟ. ಇನ್ನೊಂದು ಕಾರಣವೂ ಇದೆ, ಅದನ್ನು ನನ್ನ ಮಾನ ಕಳೆದುಕೊಂಡ ಕತೆಯ ಜೊತೆ ಮುಂದೆ ಹೇಳುತ್ತೇನೆ.

ಕ್ಯಾಲೆಂಡರಿನ ಮೇಲೆ ಬರೆದಿಡಿ. ಯಾವ ದಿನ, ಯಾವ ಕಡೆ, ಯಾವ ಬಣ್ಣ. ಮುಟ್ಟಿನ ದಿನವನ್ನೂ ಗುರುತು ಮಾಡಿ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಎಲ್ಲ ಇರುತ್ತದೆ. ಅದರ ನಡುವೆ ನಾನು "ಎ. ಕಂ." ಎಂದು ಬರೆಯುತ್ತಿದ್ದೆ. ಎಡ, ಕಂದು. ನಮ್ಮ ಮನೆಯವರು ಅದು ಎಮ್ಮೆ ಕಂತು ಎಂದುಕೊಂಡಿದ್ದರಂತೆ.

ಅರಿಶಿನ, ಸುಣ್ಣ, ಎಲೆಯ ರಸ ಯಾವುದನ್ನೂ ಹಚ್ಚಬೇಡಿ. ಬಣ್ಣ ಹತ್ತಿದ ತೊಟ್ಟಿನಲ್ಲಿ ಡಾಕ್ಟರಿಗೆ ಏನೂ ಕಾಣುವುದಿಲ್ಲ.

ಓಪಿಡಿಯಲ್ಲಿ

ಎಲ್ಲಿಗೆ ಹೋಗಬೇಕು? ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಪಿಎಚ್‌ಸಿಯಿಂದ ಶುರು ಮಾಡಿ. 30 ದಾಟಿದ ಹೆಂಗಸರ ಮೊಲೆ, ಬಾಯಿ, ಗರ್ಭಕೊರಳು ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಕಲೆ ಬಿದ್ದವರು ಅಲ್ಲಿಂದ ಸರ್ಜರಿ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ರಾಯಚೂರಿನವರಿಗೆ ರಿಮ್ಸ್ ಇದೆ, ಕೊಪ್ಪಳ, ಬಳ್ಳಾರಿಯವರಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕ್ಯಾನ್ಸರಿಗೇ ಅಂತ ಇರುವ ಕಿದ್ವಾಯಿ ಬೆಂಗಳೂರಿನಲ್ಲಿದೆ, ಅದರ ಘಟಕ ಕಲಬುರಗಿಯಲ್ಲೂ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಮುಂದೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಅದಕ್ಕೇ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡುವುದು ಜಾಣತನ. ಕಾರ್ಡಿನ ವಿಷಯ ಗೊತ್ತಾಗದಿದ್ದರೆ ಅಲ್ಲೇ ಕೂತಿರುವ ಆರೋಗ್ಯಮಿತ್ರರನ್ನು ಕೇಳಿ.

ಮುಂದೆ ಹುಕ್ ಇರುವ ಕುಪ್ಪಸ ತೊಟ್ಟು ಸೀರೆಯಲ್ಲೇ ಹೋಗಿ. ನೈಟಿ, ಉದ್ದ ಟಾಪ್ ಬೇಡ, ಪೂರ್ತಿ ಬಿಚ್ಚಬೇಕಾಗುತ್ತದೆ. ಜೊತೆಗೆ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋಗಿ. ಗಂಡು ಡಾಕ್ಟರ್ ನೋಡುವಾಗ ನರ್ಸ್ ಪಕ್ಕದಲ್ಲಿರಬೇಕು ಎಂದು ಕೇಳುವುದು ನಿಮ್ಮ ಹಕ್ಕು. ನಾನು ಎಷ್ಟೋ ಸಲ ಹಾಗೆ ನಿಂತಿದ್ದೇನೆ.

ಡಾಕ್ಟರ್ ಎರಡೂ ಮೊಲೆ, ಎರಡೂ ಕಂಕುಳು ನೋಡುತ್ತಾರೆ. ಆಮೇಲೆ ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನು ಗಡಿಯಾರ ಎಂದುಕೊಂಡು 12, 1, 2 ಹೀಗೆ ಒಂದೊಂದೇ ಬೆರಳಿನಿಂದ ಹೊರಗಿನಿಂದ ಒಳಗೆ ಒತ್ತುತ್ತಾ ಬರುತ್ತಾರೆ. ಒಂದು ಕಡೆ ಒತ್ತಿದಾಗ ಹನಿ ಬರುತ್ತದೆ. ನನಗೆ 4 ಗಂಟೆಯ ಜಾಗದಲ್ಲಿ ಬಂತು. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಯಾವ ಕಡೆ, ಎಷ್ಟು ಗಂಟೆಯ ಜಾಗ, ಎಷ್ಟು ರಂಧ್ರ. ಮುಂದಿನ ಡಾಕ್ಟರಿಗೆ ಇದು ಮನೆ ನಂಬರ್ ಇದ್ದ ಹಾಗೆ.

ಫ್ಯಾನ್ ಆಫ್ ಮಾಡಿ

ಈಗ ಸ್ಲೈಡಿನ ವಿಷಯ. ಇದು ನನ್ನ ಕ್ಷೇತ್ರ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಆ ಹನಿಯನ್ನು ಗಾಜಿನ ಸ್ಲೈಡಿಗೆ ಹಚ್ಚಿ ಲ್ಯಾಬಿಗೆ ಕಳಿಸುತ್ತಾರೆ. ಪ್ಯಾಪ್ ವಿಧಾನದ ಸ್ಲೈಡ್ ಆದರೆ ಹನಿ ಒದ್ದೆ ಇರುವಾಗಲೇ ಶೇಕಡಾ 95ರ ಆಲ್ಕೊಹಾಲಿನಲ್ಲಿ ಮುಳುಗಿಸಬೇಕು. ಕೆಲವೇ ಸೆಕೆಂಡು. ಒಣಗಿದರೆ ಜೀವಕೋಶ ಅಗಲವಾಗಿ ಊದಿಕೊಂಡು ಒಳಗಿನ ರಚನೆ ಮಸುಕಾಗುತ್ತದೆ. ನೋಡುವವರಿಗೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ, ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿರುವಾಗ, ಆ ಒಂದು ಹನಿ ಎಷ್ಟು ಹೊತ್ತು ಒದ್ದೆ ಇರುತ್ತದೆ ಹೇಳಿ? ಹಪ್ಪಳ ಒಣಗುವ ಬಿಸಿಲಿನ ಊರಿದು.

ಅದಕ್ಕೆ ನಾನು ಮಾಡುತ್ತಿದ್ದ ಕ್ರಮ ಇಷ್ಟು. ಮೊದಲು ಸ್ಲೈಡಿನ ಒರಟು ತುದಿಯಲ್ಲಿ ಪೆನ್ಸಿಲಿನಿಂದ ಹೆಸರು, ನಂಬರ್, ಎಡ ಅಥವಾ ಬಲ. ಪೆನ್ನಿನಲ್ಲಿ ಬರೆದರೆ ಆಲ್ಕೊಹಾಲಿನಲ್ಲಿ ಅಳಿಸಿಹೋಗುತ್ತದೆ. ಎರಡು ಸ್ಲೈಡ್ ಒಂದೇ ಬಾಟಲಿಗೆ ಹಾಕುವಾಗ ಒಂದಕ್ಕೊಂದು ಅಂಟಬಾರದು ಎಂದು ಒಂದರ ತುದಿಗೆ ಕಾಗದದ ಕ್ಲಿಪ್. ಬಾಟಲಿಯ ಮುಚ್ಚಳ ಮೊದಲೇ ತೆಗೆದು ಪೇಷಂಟಿನ ಪಕ್ಕದಲ್ಲೇ ಇಡುವುದು, ಕೋಣೆಯ ಆ ತುದಿಯಲ್ಲಿ ಅಲ್ಲ. ಆಮೇಲೆ ಫ್ಯಾನ್ ಆಫ್. ಆಮೇಲೆ ಹನಿ. ಸ್ಲೈಡನ್ನೇ ತೊಟ್ಟಿಗೆ ಮೆಲ್ಲಗೆ ತಾಗಿಸಿ, ಹರಡಿ, ಟುಬುಕ್ ಎಂದು ಬಾಟಲಿಗೆ. ಕೆಲವು ಲ್ಯಾಬ್‌ನವರು ಬೇರೆ ಬಣ್ಣ ಹಾಕಲು ಒಂದೆರಡು ಸ್ಲೈಡ್ ಬೇಕೆಂದೇ ಒಣಗಿಸಿ ಕೇಳುತ್ತಾರೆ. ಅದು ಬೇರೆ ಲೆಕ್ಕ.

ನನ್ನದೇ ಸ್ಲೈಡ್ ಏನಾಯಿತು ಕೇಳಿ. ನಾನು ತೋರಿಸಿಕೊಂಡ ಒಂದು ಕಡೆ ಹನಿ ಹಚ್ಚಿದ ಹುಡುಗಿ ಸ್ಲೈಡನ್ನು ಟ್ರೇ ಮೇಲೆ ಇಟ್ಟು ಬಾಟಲಿ ಹುಡುಕಲು ಹೋದಳು. ಫ್ಯಾನ್ ಓಡುತ್ತಿತ್ತು. ನಾನು ಕುಪ್ಪಸ ಬಿಚ್ಚಿ ಮಲಗಿದ್ದೆ, ಬಾಯಿ ಬಿಡಲಿಲ್ಲ. 31 ವರ್ಷದ ನರ್ಸ್ ಮಂಚದ ಮೇಲೆ ಮಲಗಿದ ಕೂಡಲೇ ಬರೀ ಪೇಷಂಟ್ ಆಗಿಬಿಟ್ಟಿದ್ದೆ. ವಾರದ ಮೇಲೆ ರಿಪೋರ್ಟ್ ಬಂತು: ಮಾದರಿ ಸರಿಯಿಲ್ಲ, ಮತ್ತೆ ಕಳಿಸಿ.

ನೀವು ಬಾಯಿ ಬಿಡಿ. "ಫ್ಯಾನ್ ಆಫ್ ಮಾಡ್ತೀರಾ ಸಿಸ್ಟರ್?" ಎಂದು ಕೇಳಿದರೆ ಯಾರೂ ಬೈಯುವುದಿಲ್ಲ.

ಸ್ಲೈಡಿನ ರಿಪೋರ್ಟಿನಲ್ಲಿ "ಕ್ಯಾನ್ಸರ್ ಜೀವಕೋಶ ಕಂಡಿಲ್ಲ" ಎಂದು ಬಂದರೆ ಅಲ್ಲಿಗೇ ನಿಲ್ಲಿಸಬಾರದು. ಆ ಹನಿಯಲ್ಲಿ ಕಂಡಿಲ್ಲ ಅಷ್ಟೇ. ನಾಳದ ಒಳಗೆ ಇಲ್ಲ ಎಂದು ಅದರ ಅರ್ಥ ಅಲ್ಲ. ಆ ಕಾಗದ ಸಿಕ್ಕಿದ ಮೇಲೆ ದೇವರಿಗೆ ಕಾಯಿ ಒಡೆಸಿ ಮನೆಯಲ್ಲಿ ಕೂತವರಿದ್ದಾರೆ. ಕಾಯಿ ಒಡೆಸಿ, ಆದರೆ ಮುಂದಿನ ಪರೀಕ್ಷೆಗೂ ಹೋಗಿ.

ಚಿತ್ರ ತೆಗೆಯುವುದು

40 ದಾಟಿದವರಿಗೆ ಮ್ಯಾಮೊಗ್ರಾಮ್ ಮತ್ತು ಅಲ್ಟ್ರಾಸೌಂಡ್ ಎರಡೂ ಮಾಡಿಸುವುದು ರೂಢಿ. 30ರೊಳಗಿನವರಿಗೆ ಮೊದಲು ಅಲ್ಟ್ರಾಸೌಂಡ್. ಮ್ಯಾಮೊಗ್ರಾಮಿನಲ್ಲಿ ಮೊಲೆಯನ್ನು ಎರಡು ಹಲಗೆ ನಡುವೆ ಒತ್ತುತ್ತಾರೆ. ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಒಂದೊಂದು ಒತ್ತು ಕೆಲವು ಸೆಕೆಂಡು. ಮುಟ್ಟು ಮುಗಿದ ವಾರದಲ್ಲಿ ಹೋದರೆ ಕಡಿಮೆ. ಅವತ್ತು ಪೌಡರ್, ಸೆಂಟು ಹಚ್ಚಬೇಡಿ. ಪೌಡರಿನ ಕಣ ಚಿತ್ರದಲ್ಲಿ ಸುಣ್ಣದ ಚುಕ್ಕೆಯಂತೆ ಕಾಣಬಹುದು. ನಾಳದ ಒಳಗಿನ ಆರಂಭದ ಕ್ಯಾನ್ಸರ್ ಕೂಡ ಅನೇಕ ಸಲ ಕಾಣುವುದು ಅಂಥ ಚುಕ್ಕೆಗಳಾಗಿಯೇ. ಬೇಸಿಗೆಯಲ್ಲಿ ಬೆವರುಸಾಲೆಗೆ ಪೌಡರ್ ಸುರಿದುಕೊಳ್ಳುವ ಊರು ನಮ್ಮದು, ಅದಕ್ಕೇ ಒತ್ತಿ ಹೇಳಿದೆ.

ಅಲ್ಟ್ರಾಸೌಂಡಿನಲ್ಲಿ ತೊಟ್ಟಿನ ಹಿಂದೆ ಅಗಲವಾದ ನಾಳ, ಅದರೊಳಗೆ ಕಾಳಿನಂಥ ಗಂಟು ಕಂಡರೆ ಸೂಜಿಯಿಂದ ಬಯಾಪ್ಸಿ, ಅಂದರೆ ಸಣ್ಣ ತುಣುಕು ತೆಗೆದು ಪರೀಕ್ಷೆ, ಮಾಡಬಹುದು. ಎರಡರಲ್ಲೂ ಏನೂ ಕಾಣದೆ ಹನಿ ಮಾತ್ರ ಬರುತ್ತಲೇ ಇದ್ದರೆ ಎಂಆರ್‌ಐ, ಇಲ್ಲವೇ ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ. ಇದನ್ನು ಡಕ್ಟೊಗ್ರಾಮ್ ಅಥವಾ ಗ್ಯಾಲಕ್ಟೊಗ್ರಾಮ್ ಅನ್ನುತ್ತಾರೆ. ಎಲ್ಲ ಕಡೆ ಮಾಡುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ನಾನು ಹೈದರಾಬಾದಿಗೆ ಹೋದೆ. ಬೆಳಗಿನ ಬಸ್ಸು. ಹೊರಡುವ ಮುಂಚೆ ಬಚ್ಚಲಲ್ಲಿ ನಿಂತು, ಇಷ್ಟು ದೂರ ಹೋಗುತ್ತಿದ್ದೇನೆ, ಬರುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಒತ್ತಿದೆ. ಮೂರು ಹನಿ ಬಂತು. ಸಮಾಧಾನವಾಯಿತು. ಶಕ್ತಿನಗರ, ಕೃಷ್ಣಾ ಸೇತುವೆ, ಮೆಹಬೂಬ್‌ನಗರ ದಾಟಿ ಅಲ್ಲಿ ಮುಟ್ಟಿ, ಮೇಜಿನ ಮೇಲೆ ಮಲಗಿದರೆ ಹನಿಯೇ ಇಲ್ಲ! ಆ ಡಾಕ್ಟರಮ್ಮ ಬಿಸಿ ಬಟ್ಟೆ ಇಟ್ಟರು, ಗಡಿಯಾರ ತಿರುಗಿಸಿದರು. ಇಲ್ಲ. ಕೊನೆಗೆ ತೆಲುಗಿನಲ್ಲಿ ಕೇಳಿದರು, "ಬಾವಿ ಖಾಲಿ ಮಾಡಿಕೊಂಡು ಬಂದಿರಾ ಅಮ್ಮಾ?"

ಹನಿ ಇಲ್ಲದಿದ್ದರೆ ಯಾವ ರಂಧ್ರ ಎಂದು ಗೊತ್ತಾಗುವುದಿಲ್ಲ. ರಂಧ್ರ ಗೊತ್ತಾಗದೆ ಪರೀಕ್ಷೆಯೇ ಇಲ್ಲ. ಅವತ್ತು ವಾಪಸ್ ಬಂದೆ. ಎರಡು ವಾರ ಬಿಟ್ಟು ಮತ್ತೆ ಅದೇ ಬಸ್ಸು. ಈ ಸಲ ಬಚ್ಚಲಲ್ಲಿ ಕೈ ಕಟ್ಟಿಕೊಂಡು ಸ್ನಾನ ಮಾಡಿದೆ ಅನ್ನಿ.

ಪರೀಕ್ಷೆ ಹೀಗಿರುತ್ತದೆ. ತೊಟ್ಟು ಒರೆಸಿ, ಜೋರು ದೀಪ ಹಾಕಿ, ಭೂತಗನ್ನಡಿಯಲ್ಲಿ ನೋಡುತ್ತಾ ಒಂದು ಸಣ್ಣ ಹನಿ ತರಿಸುತ್ತಾರೆ. ಹನಿ ಮೂಡಿದ ರಂಧ್ರಕ್ಕೆ ಮೊಂಡು ತುದಿಯ, ಕೂದಲಿನಷ್ಟು ತೆಳ್ಳಗಿನ ನಳಿಕೆ ಇಳಿಸುತ್ತಾರೆ. ಚುಚ್ಚುವುದಿಲ್ಲ, ಜಾರಿಸುತ್ತಾರೆ. ಬಿಡುವ ಬಣ್ಣ ಒಂದು ಮಿಲಿಗಿಂತ ಕಡಿಮೆ ಇದ್ದರೂ ಸಾಕಾಗುತ್ತದೆ. ಒಳಗೆ ತುಂಬಿದ ಹಾಗೆ, ಹಾಲು ಕಟ್ಟಿದ ಹಾಗೆ ಅನ್ನಿಸುತ್ತದೆ. ನನಗೆ 28 ವರ್ಷದ ಹಿಂದಿನ ಬಾಣಂತನ ನೆನಪಾಯಿತು. ಉರಿ ಅಥವಾ ನೋವು ಆದರೆ ಕೂಡಲೇ ಹೇಳಿ, ಬಣ್ಣ ನಾಳದಿಂದ ಹೊರಗೆ ಹೋಗುತ್ತಿರಬಹುದು, ಅವರು ನಿಲ್ಲಿಸುತ್ತಾರೆ. ಆಮೇಲೆ ಮ್ಯಾಮೊಗ್ರಾಮ್. ಚಿತ್ರದಲ್ಲಿ ನಾಳ ಬೇರಿನಂತೆ ಬೆಳ್ಳಗೆ ಕವಲೊಡೆದು ಕಾಣುತ್ತದೆ. ನನ್ನದರಲ್ಲಿ ತೊಟ್ಟಿನಿಂದ ಸ್ವಲ್ಪವೇ ಒಳಗೆ ಬಿಳಿ ಗೆರೆಯ ನಡುವೆ ತೊಗರಿಕಾಳಿನ ಆಕಾರದ ಖಾಲಿ ಜಾಗ. ಅಲ್ಲಿ ಏನೋ ಕೂತಿತ್ತು.

ಬಾವು, ಕೀವು ಇದ್ದಾಗ ಇದನ್ನು ಮಾಡುವುದಿಲ್ಲ. ಹಿಂದೆ ಸ್ಕ್ಯಾನಿಗೆ ಚುಚ್ಚಿದ ಬಣ್ಣಕ್ಕೆ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಮಾಡಿದ ಮೇಲೆ ಎರಡು ಮೂರು ದಿನದಲ್ಲಿ ಮೊಲೆ ಕೆಂಪಾಗಿ ಜ್ವರ ಬಂದರೆ ವಾಪಸ್ ಹೋಗಬೇಕು.

ಡಕ್ಟೊಸ್ಕೋಪಿ ಅಂತಲೂ ಇದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ಕ್ಯಾಮೆರಾ ನಳಿಕೆಯನ್ನು ಅದೇ ರಂಧ್ರದಿಂದ ಇಳಿಸಿ ನೇರವಾಗಿ ಕಣ್ಣಿನಿಂದಲೇ ನೋಡುವುದು. ಕೆಲವೇ ದೊಡ್ಡ ಕೇಂದ್ರಗಳಲ್ಲಿ ಮಾಡುತ್ತಾರೆ. ಸಿಗದಿದ್ದರೆ ಅದಕ್ಕಾಗಿ ಊರೂರು ಅಲೆಯಬೇಕಾಗಿಲ್ಲ. ಅದಿಲ್ಲದೆಯೂ ಚಿಕಿತ್ಸೆ ನಡೆಯುತ್ತದೆ.

ನಾಳ ತೆಗೆಯುವುದು

ಒಂದೇ ನಾಳದ ರಕ್ತಕ್ಕೆ ಮೈಕ್ರೊಡೊಕೆಕ್ಟಮಿ ಮಾಡುತ್ತಾರೆ. ಹೆಸರು ದೊಡ್ಡದು, ಆಪರೇಷನ್ ಸಣ್ಣದು. ಹನಿ ಬರುವ ರಂಧ್ರಕ್ಕೆ ತೆಳು ಲೋಹದ ಕಡ್ಡಿ ಇಳಿಸುತ್ತಾರೆ. ಕಣ್ಣೀರಿನ ನಾಳ ನೋಡಲು ಬಳಸುತ್ತಾರಲ್ಲ, ಅದೇ ಕಡ್ಡಿ. ಕಪ್ಪು ಭಾಗದ ಅಂಚಿನಲ್ಲಿ ಕೊಯ್ದು, ಕಡ್ಡಿ ಹಿಡಿದ ದಾರಿಯಲ್ಲೇ ಆ ಒಂದು ನಾಳವನ್ನು ಬಿಡಿಸಿ ತೆಗೆಯುತ್ತಾರೆ. ಹೆಚ್ಚಿನವರು ಅವತ್ತೇ ಅಥವಾ ಮರುದಿನ ಮನೆಗೆ. ಗಾಯದ ಗುರುತು ಅಂಚಿನಲ್ಲಿ ಅಡಗಿಹೋಗುತ್ತದೆ.

ಆಪರೇಷನ್‌ಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆ: ಒಂದೇ ನಾಳ ತೆಗೆಯುತ್ತೀರೋ, ತೊಟ್ಟಿನ ಹಿಂದಿನ ಎಲ್ಲ ನಾಳವೋ? ಮುಂದೆ ಮಕ್ಕಳಾಗಬೇಕಾದ ಹುಡುಗಿಯರಿಗೆ ಇದು ದೊಡ್ಡ ವಿಷಯ. ಎಲ್ಲ ತೆಗೆದರೆ ಆ ಕಡೆಯಿಂದ ಹಾಲು ಕುಡಿಸಲು ಆಗುವುದಿಲ್ಲ. ಒಂದೇ ತೆಗೆದರೆ ಸಾಮಾನ್ಯವಾಗಿ ಕುಡಿಸಬಹುದು. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಅದನ್ನೂ ಕೇಳಿಕೊಳ್ಳಿ. ಮತ್ತೆ, ಆಪರೇಷನ್‌ಗೆ ಮುಂಚಿನ ದಿನಗಳಲ್ಲೂ ಒತ್ತಬಾರದು. ಸರ್ಜನ್‌ಗೂ ಹನಿಯೇ ದಾರಿ ತೋರಿಸಬೇಕು.

ನನ್ನದು ಪ್ಯಾಪಿಲೋಮಾ. ಮಾನ್ವಿಯಾಕೆಯದು ಅಲ್ಲ, ನಾಳದ ಒಳಗಿನ ಕ್ಯಾನ್ಸರ್. ಅವಳಿಗೆ ಇನ್ನೊಂದು ಆಪರೇಷನ್, ರೇಡಿಯೇಶನ್ ಎಲ್ಲ ಆಯಿತು. ನಾನು ನಿವೃತ್ತಳಾಗುವ ವರ್ಷ ಅವಳು ಒಂದು ಚೀಲ ಹಸಿ ಶೇಂಗಾ ತಂದುಕೊಟ್ಟು ಹೋದಳು.

ತಡೆಯುವ ಮಾತು

ತೊಟ್ಟಿನ ದಾರಿಯಿಂದಲೇ ಔಷಧ ಬಿಟ್ಟು ಕ್ಯಾನ್ಸರ್ ತಡೆಯಬಹುದೇ ಎಂದು ಸಂಶೋಧನೆ ನಡೆಯುತ್ತಲೇ ಇದೆ. ಕೀಮೋ ಔಷಧವನ್ನು ನೇರ ನಾಳಕ್ಕೆ ಕೊಟ್ಟು ನೋಡಿದ್ದಾರೆ. ಅದು ಇನ್ನೂ ಪ್ರಯೋಗದ ಹಂತ, ಯಾರಾದರೂ ದುಡ್ಡು ತೆಗೆದುಕೊಂಡು ಮಾಡುತ್ತೇನೆ ಅಂದರೆ ಎದ್ದು ಬನ್ನಿ. ಈಗ ಕೈಗೆ ಸಿಗುವ ದಾರಿ ಬೇರೆ. ರಿಪೋರ್ಟಿನಲ್ಲಿ ಅಟಿಪಿಯಾ ಎಂಬ ಪದ ಇದ್ದರೆ, ಅಂದರೆ ಜೀವಕೋಶದ ರೂಪ ಕೆಟ್ಟಿದ್ದರೆ, ಮುಂದಿನ ಅಪಾಯ ಜಾಸ್ತಿ. ಅಂಥವರಿಗೆ ಟ್ಯಾಮೊಕ್ಸಿಫೆನ್ ಮಾತ್ರೆ ಕೊಟ್ಟರೆ ಅಪಾಯ ಇಳಿಯುತ್ತದೆ ಎನ್ನುವುದು ಸಾಬೀತಾಗಿದೆ. ಅಡ್ಡ ಪರಿಣಾಮವೂ ಇರುವುದರಿಂದ ಡಾಕ್ಟರ ಜೊತೆ ಕೂತು ಲೆಕ್ಕ ಹಾಕಬೇಕು. ಅವ್ವ, ಅಕ್ಕ, ಚಿಕ್ಕವ್ವ ಹೀಗೆ ಹತ್ತಿರದವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಮೊಲೆಯ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಬಿಆರ್‌ಸಿಎ ಪರೀಕ್ಷೆಯ ಬಗ್ಗೆ, ಅಂದರೆ ವಂಶದಲ್ಲಿ ಹರಿದು ಬರುವ ಜೀನ್ ದೋಷ ನೋಡುವ ಪರೀಕ್ಷೆಯ ಬಗ್ಗೆ, ಕೇಳಿ. ಮಗುವಿಗೆ ಎದೆಹಾಲು ಕುಡಿಸುವುದು, ತೂಕ ಹಿಡಿತದಲ್ಲಿಡುವುದು, ಮದ್ಯದಿಂದ ದೂರ ಇರುವುದು, ಇವೂ ಸ್ವಲ್ಪ ಮಟ್ಟಿಗೆ ಅಪಾಯ ಇಳಿಸುತ್ತವೆ.

ಕೊನೆಗೆ ಕಾಗದದ ವಿಷಯ. ಆಪರೇಷನ್‌ನಲ್ಲಿ ತೆಗೆದ ನಾಳದ ರಿಪೋರ್ಟ್ ಬರಲು ಸುಮಾರು ವಾರ ಹತ್ತು ದಿನ ಹಿಡಿಯುತ್ತದೆ. ಅದನ್ನು ನೀವೇ ಹೋಗಿ ತೆಗೆದುಕೊಳ್ಳಿ. "ಏನಾದ್ರೂ ಇದ್ರ ಅವ್ರೇ ಫೋನ್ ಮಾಡ್ತಾರ" ಎಂದು ಕೂರಬೇಡಿ. ಬೇರೆ ಡಾಕ್ಟರ ಅಭಿಪ್ರಾಯ ಬೇಕಾದರೆ ಕಾಗದ ಒಂದೇ ಸಾಲದು, ಮೇಣದಲ್ಲಿ ಕೂರಿಸಿದ ಆ ತುಣುಕಿನ ಬ್ಲಾಕ್ ಮತ್ತು ಸ್ಲೈಡ್ ಕೂಡ ಬೇಕಾಗುತ್ತದೆ. ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು ಕೇಳಿ, ಬ್ಲಾಕ್ ನಂಬರನ್ನು ರಿಪೋರ್ಟಿನ ಹಿಂದೆ ಬರೆದಿಡಿ. ನನ್ನದು ಪಿಂಚಣಿ ಕಾಗದದ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಆ ಕಲೆಯ ಬ್ರಾ ಸಮೇತ.